ಮುಕ್ಕಾಲು

ಒಡೆದವನು ನಾನೇ. ಒಪ್ಪಿಕೊಂಡೇ ಶುರು ಮಾಡುತ್ತೇನೆ.
ಮೇಲಿನ ಹಲಗೆಯಿಂದ ಇಳಿಸುವಾಗ
ನಡುವಿನ ಕೊಳವೆಯಲ್ಲಿ ಬೆರಳು ಸಿಕ್ಕಿತು,
ಕೊಡವಿದೆ.
ಮಿಲೋಯ್ಕಾಳ ಅತ್ತೆಯ, ಎಂದರೆ ನನ್ನಮ್ಮನ,
ಪೊತಿಟ್ಸ ಬೇಯಿಸುವ ಮಣ್ಣಿನ ಅಚ್ಚು
ಐದು ಹೋಳು.

ಈಸ್ಟರಿಗೆ ಮೂರೇ ದಿನ.
ಫೆಬ್ರವರಿಯ ಹಿಮದಲ್ಲಿ ಜಾರಿದ ಅವಳ ಬಲಗೈ
ಇನ್ನೂ ಪ್ಲಾಸ್ಟರಿನಲ್ಲಿ.
ಲೇಸು ಹೆಣೆಯುವ ದಿಂಬಿನ ಮೇಲೆ
ಇಪ್ಪತ್ತು ಜೊತೆ ಕಡ್ಡಿಗಳು ಕೆಲಸವಿಲ್ಲದೆ ಮಲಗಿದ್ದವು.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
‘ಹೊಸದು ತಾ, ಈ ಸಲ ನಾದುವವನು ನೀನು’ ಎಂದಳು.

ರಿಬ್ನಿತ್ಸಾದ ಕುಂಬಾರನ ಗಾಡಿಯಲ್ಲಿ
ದೊಡ್ಡವೆಲ್ಲ ಖರ್ಚಾಗಿ
ಉಳಿದಿದ್ದು ಇದೊಂದು, ಮೂರು ಬೆರಳು ಕಿರಿದು.
ಅವಳ ನೋಟುಬುಕ್ಕೋ ಹಳೆಯ ಅಚ್ಚನ್ನೇ ನಂಬಿ ಬರೆದದ್ದು:
ಹಿಟ್ಟು ಆರುನೂರು ಗ್ರಾಂ, ಹಳದಿ ಐದು,
ಹಾಲು ಬೆಚ್ಚಗೆ ಒಂದು ಮಗ್ಗು,
ಅಕ್ರೋಟು ಸಾಕೆನಿಸುವಷ್ಟು.

ಇದ್ರಿಯದ ಪಾದರಸದ ಗಣಿಯಲ್ಲಿ
ಇಪ್ಪತ್ತೆಂಟು ವರ್ಷ ಸರ್ವೆ ಮಾಡಿದವನು ನಾನು.
ಬೆಟ್ಟದ ಹೊಟ್ಟೆಯಲ್ಲಿ ಎಷ್ಟು ಖಾಲಿಯಿದೆಯೆಂದು
ಅಳೆದು, ಬರೆದು, ಸಂಬಳ ತಂದವನು.
ಒಂದು ರೊಟ್ಟಿಯಷ್ಟು ಖಾಲಿ ನನಗೆ ಯಾವ ಲೆಕ್ಕ!

ಹೋಳುಗಳನ್ನು ಟೇಪು ಸುತ್ತಿ ನಿಲ್ಲಿಸಿದೆ.
ಅಡ್ಡಳತೆ ಇಪ್ಪತ್ತಾರು, ಹೊಸದರದು ಇಪ್ಪತ್ಮೂರು.
ಅಡ್ಡಳತೆಯನ್ನು ಅದರಿಂದಲೇ ಗುಣಿಸಬೇಕು,
ಮೂರು ಬೆರಳು ಕಿರಿದಾದರೆ
ಮೂರು ಬೆರಳಷ್ಟೇ ಕಡಿಮೆಯಾಗುವುದಿಲ್ಲ.
ಕೊಳವೆಯ ಜಾಗ ಕಳೆಯಬೇಕು,
ಅಲ್ಲಿ ಹಿಟ್ಟಿಲ್ಲ, ಬರೀ ಬಿಸಿಗಾಳಿ.
ಗೋಡೆ ಓರೆ, ಅದಕ್ಕೊಂದು ಸರಾಸರಿ.
ಎರಡು ಹಾಳೆ ತುಂಬಿತು.
ಸೊನ್ನೆ ಬಿಂದು ಏಳು ಐದು ಒಂದು, ಎಂದೆ
ಗಂಟಲು ಸರಿಮಾಡಿಕೊಂಡು.

‘ಆ ನೀಲಿ ಮಗ್ಗು ಕೊಡು’ ಎಂದಳು.
ಎಡಗೈಯಲ್ಲಿ ನೀರು ಮೊಗೆದು ಹೊಸ ಅಚ್ಚಿಗೆ ಸುರಿದಳು.
ಒಂದು. ಎರಡು. ಮೇಜೆಲ್ಲ ಒದ್ದೆ.
ಒಂಬತ್ತಕ್ಕೆ ಅಂಚು ಮುಟ್ಟಿತು.
‘ಹಳೆಯದು ಹನ್ನೆರಡು ಕುಡಿಯುತ್ತಿತ್ತು.
ತೊಳೆದು ರಾತ್ರಿ ತುಂಬಿಡುತ್ತಿದ್ದೆನಲ್ಲ, ವರ್ಷವರ್ಷ.
ಒಂಬತ್ತು, ಹನ್ನೆರಡು. ಮುಕ್ಕಾಲು.
ಬರೆದುಕೋ.’

ಬರೆದುಕೊಂಡೆ.
ಆರುನೂರರ ಮುಕ್ಕಾಲು ನಾನೂರೈವತ್ತು, ಸಲೀಸು.
ಐದು ಹಳದಿಯ ಮುಕ್ಕಾಲು ಮೂರೂ ಮುಕ್ಕಾಲು;
ಯಾವ ಕೋಳಿ ಇಡುತ್ತದೆ ಅದನ್ನು?
‘ನಾಲ್ಕು ಹಾಕು, ಹಾಲು ಒಂದು ಗುಟುಕು ಹಿಡಿ’ ಎಂದಳು.
ಆ ಗುಟುಕು ಯಾರದು ಎಂದು ಕೇಳಲಿಲ್ಲ,
ನಾನೇ ಕುಡಿದೆ.

ನಾದಿದೆ. ಲಟ್ಟಿಸಿದೆ. ಅರೆದ ಅಕ್ರೋಟು, ಜೇನು
ಗ್ರಾಂ ಲೆಕ್ಕದಲ್ಲೇ ಸವರಿದೆ.
ಸುತ್ತುವ ಮೊದಲು ಅವಳು ಬಂದು
ಎಡಗೈ ಮುಷ್ಟಿ ತುಂಬ ಅಕ್ರೋಟು ತೆಗೆದು
ಮೇಲೆ ಎರಚಿಯೇಬಿಟ್ಟಳು.
ಆ ಮುಷ್ಟಿಗೆ ಯಾವ ಅಂಕಿ?
ಅವಳ ಬಲಮುಷ್ಟಿಯ ಎಷ್ಟನೇ ಪಾಲು ಅದು?

ಒಂದು ಗಂಟೆಯ ಮುಕ್ಕಾಲು ನಲವತ್ತೈದು ನಿಮಿಷ,
ಎನ್ನುತ್ತ ಒಲೆಯ ಬಾಗಿಲಿಗೆ ಕೈ ಹಾಕಿದೆ.
ನಕ್ಕಳು, ಒಡೆದ ದಿನದಿಂದ ಮೊದಲ ಸಲ.
‘ಹಿಟ್ಟಿನಲ್ಲಿ ಕಾಲು ಕಳೆಯಬಹುದು ಮಾರಾಯ,
ಕಾಲದಲ್ಲಿ ಅಲ್ಲ.
ಹೊಟ್ಟೆ ಚಿಕ್ಕದಾದರೂ ಬೇಯುವ ನಡು ನಡುವೇ.’
ಕಡ್ಡಿ ಚುಚ್ಚಿದೆವು: ಹಸಿ.
ಮತ್ತೆ ಚುಚ್ಚಿದೆವು: ಅಂಟು.
ಐವತ್ತಾರಕ್ಕೆ ಒಣಗಿ ಬಂತು.

ಕೊಯ್ದಾಗ ಸುರುಳಿ ಒಂದು ಕಡೆ ಬಿರುಕು,
ಅವಳು ಎರಚಿದ ಅಕ್ರೋಟಿನ ಜಾಗದಲ್ಲೇ.
ಆ ತುಂಡನ್ನು ಅವಳೇ ತಿಂದಳು, ಮಾತಿಲ್ಲದೆ,
ಇನ್ನೊಂದನ್ನೂ.

ಹಳೆಯ ಹೋಳುಗಳು ಜೆರೇನಿಯಂ ಕುಂಡಗಳ ತಳ ಸೇರಿದವು,
ನೀರು ಬಸಿಯಲು.
ಕೊಳವೆ ಮಾತ್ರ ಎಲ್ಲೂ ಮುಕ್ಕಾಗಿರಲಿಲ್ಲ.
ನನ್ನ ಮೇಜಿನ ಮೇಲಿದೆ.
ಪೆನ್ಸಿಲು ನಿಲ್ಲಿಸೋಣವೆಂದರೆ
ಅದಕ್ಕೆ ತಳವೇ ಇಲ್ಲ.